ಗಂಡನ ಖೋಲಿಯಲ್ಲಿ ಹದಿನೈದು ದಿನ

ಕೊರ್ತಾಲಿಮ್, ಗೋವಾ
12-11-2024, ಮಂಗಳವಾರ

ಪ್ರೀತಿಯ ಖಾತುನ,

ನಿನಗೂ ಶಹಾಬುದ್ದೀನಣ್ಣನಿಗೂ ನನ್ನ ನಮಸ್ಕಾರ. ಇತ್ತ ಎಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಶಾಲೆಯಲ್ಲಿ ನಮಗಿಬ್ಬರಿಗೂ ಕಲಿಸಿದ್ದರು. ನಾನು ಅರ್ಧ ಕ್ಷೇಮ. ಉಳಿದರ್ಧದ ಗತಿ ಏನು ಎಂದು ಓದುತ್ತ ಹೋದರೆ ನಿನಗೇ ತಿಳಿಯುತ್ತದೆ. ಶನಿವಾರ ಇಳಿದ ಕೂಡಲೇ ಬರೆಯುತ್ತೇನೆ ಅಂದಿದ್ದೆ, ಮೂರು ದಿನ ತಡವಾಯಿತು. ಸಿಟ್ಟಾಗಬೇಡ.

ಫೋನು ಮಾಡಬಾರದಾಗಿತ್ತೇ ಎಂದು ಕೇಳಬೇಡ. ಇಲ್ಲಿ ಖೋಲಿಗೂ ಖೋಲಿಗೂ ನಡುವೆ ಇರುವುದು ಬರೀ ತಗಡು. ನಾನು ಸೀನಿದರೆ ಮೂರನೇ ಖೋಲಿಯವರು "ನೆಗಡಿ ಆಗೇತೇನ್ರಿ" ಎಂದು ಕೇಳುತ್ತಾರೆ. ಇನ್ನು ನಿನ್ನ ಫೋನು ಯಾವಾಗಲೂ ಪರ್ವೇಜನ ಕೈಯಲ್ಲಿ, ಎತ್ತಿದ ಕೂಡಲೇ ಸ್ಪೀಕರಿಗೆ ಹಾಕುತ್ತಾನೆ. ನಾನು ಹೇಳುವುದು ಹತ್ತು ಜನ ಕೂತು ಕೇಳುವಂಥದ್ದಲ್ಲ. ವಾರಕ್ಕೊಮ್ಮೆ ವಾಸ್ಕೋಕ್ಕೆ ಲಾರಿ ತರುವ ನಿನ್ನ ಗಂಡನ ಕೈಗೇ ಇದನ್ನು ಕೊಡುತ್ತೇನೆ. ಲಕೋಟೆಗೆ ಅನ್ನದ ಅಗುಳು ತಿಕ್ಕಿ ಅಂಟಿಸಿದ್ದೇನೆ. ಒಡೆದು ಬಂದರೆ ಅವನನ್ನು ಹಿಡಿದು ಕೇಳು.

ಈಗ ಗೋವಾದ ಸುದ್ದಿ. ಹನ್ನೊಂದು ವರ್ಷ ನಾನು ಈ ಊರಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು. ನಮ್ಮವರು (ಹೆಸರು ಬರೆಯಲು ಈಗಲೂ ಕೈ ಏಳುವುದಿಲ್ಲ, ನಗಬೇಡ) ಸೆಂಟ್ರಿಂಗ್ ಕೆಲಸಕ್ಕೆಂದು ಇಲ್ಲಿಗೆ ಬಂದ ಮೊದಲ ವರ್ಷ ಒಂದು ಫೋಟೋ ಕಳಿಸಿದ್ದರಲ್ಲ, ಹಿಂದೆ ಸಮುದ್ರ, ಮುಂದೆ ಇವರು, ಕಣ್ಣಿಗೆ ಕರಿ ಚಸ್ಮಾ. ಅದನ್ನು ನೋಡಿದ ಮೇಲೆ ಊರ ಹೆಂಗಸರು ನನ್ನನ್ನು ಬಿಟ್ಟರೇ? ನಳದ ಹತ್ತಿರ ಹೋದರೆ ಅದೇ ಮಾತು, ಹಿಟ್ಟಿನ ಗಿರಣಿಗೆ ಹೋದರೆ ಅದೇ ಮಾತು. "ಏ ಮಂಗಲಾ, ನಿನ್ನ ಗಂಡ ಫಾರಿನ್ ಹೆಂಗಸರ ನಡಕ ಅದಾನಲ್ಲ, ಹೊಳ್ಳಿ ಬರ್ತಾನೋ ಇಲ್ಲೋ!" ನಾನೂ ಅವರ ಜೊತೆ ನಗುತ್ತಿದ್ದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಅತ್ತೆಯ ಕಾಲು ಒತ್ತುತ್ತ ಕೂತಾಗ ಒಬ್ಬ ಬಿಳೀ ಹೆಂಗಸು ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದಳು, ಕೂದಲು ಬಿಟ್ಟುಕೊಂಡು, ಕೈಯಲ್ಲಿ ಎಳನೀರು ಹಿಡಿದುಕೊಂಡು. ಅವಳ ಜೊತೆ ನಾನು ಮನಸ್ಸಿನಲ್ಲೇ ಎಷ್ಟು ಜಗಳ ಆಡಿದ್ದೇನೋ ಲೆಕ್ಕವಿಲ್ಲ.

ಅವ್ವನನ್ನು ಬಿಟ್ಟು ನೀ ಹೆಂಗ ಬರ್ತಿ ಎಂದು ಇವರು. ಅದೂ ಖರೇ ಎಂದು ನಾನು. ಹೀಗೇ ಹನ್ನೊಂದು ವರ್ಷ ಹೋಯಿತು. ಈಗ ಅತ್ತೆ ಇಲ್ಲ, ಅವರ ವರ್ಷದ ಕಾರ್ಯವೂ ಮುಗಿಯಿತು. ನಿನಗೊಬ್ಬಳಿಗೇ ಹೇಳುತ್ತೇನೆ ಖಾತುನ, ನಾನು ಗೋವಾ ನೋಡಲು ಬಂದವಳಲ್ಲ. ಗಂಡನ ಜೊತೆ ಇರಲು ಬಂದವಳು. ಇವರಿಗೆ ಆ ಮಾತು ಹೇಳಿಲ್ಲ, ಬರುತ್ತೇನೆ ಎಂದಷ್ಟೇ ಹೇಳಿ ಬಂದೆ. ಗೋಣಿಚೀಲದ ತಳದಲ್ಲಿ ನನ್ನ ರೊಟ್ಟಿ ಹಂಚು ಇದೆ. ಸ್ಟೇಷನ್ನಿನಲ್ಲಿ ಚೀಲ ಎತ್ತಿದ ಇವರು, "ಏನ ಇದು, ಇಷ್ಟ ವಜ್ಜಾ?" ಅಂದರು. ಶೇಂಗಾ ಉಂಡಿ ಎಂದೆ. ಹದಿಮೂರು ಸೇರು ಉಂಡಿ ತಂದಿದ್ದೇನೆ ಎಂದುಕೊಂಡಿರಬೇಕು ಪಾಪ.

ಇಲ್ಲಿಗೆ ಬಂದು ನೋಡಿದರೆ ಏನಿದೆ? ದೊಡ್ಡ ರಸ್ತೆಯ ಕೆಳಗೆ ಒಂದು ಓಣಿ, ಇಪ್ಪತ್ತು ತಗಡಿನ ಖೋಲಿ, ಎರಡು ನಳ. ಹೊಳೆಯ ಕೆಸರಿನ ವಾಸನೆ, ಅದರ ಮೇಲೆ ಮೀನಿನ ವಾಸನೆ. ಸಂಜೆಗೆ ಹೊಸ ಸೇತುವೆಯ ಮೇಲೆ ಬಣ್ಣದ ದೀಪ ಹತ್ತುತ್ತವೆ. ಜನ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಅವರ ಫೋಟೋದಲ್ಲಿ ನಮ್ಮ ಓಣಿ ಬೀಳುವುದಿಲ್ಲ. ಓಣಿಯ ತುಂಬ ಬಾಗಲಕೋಟೆ, ಬದಾಮಿ, ಮುದ್ದೇಬಿಹಾಳ ಕಡೆಯವರೇ. ಇಲ್ಲಿನವರು ನಮ್ಮನ್ನು "ಘಾಟಿ" ಅಂತಾರಂತೆ. ಘಟ್ಟ ಇಳಿದು ಬಂದವರು ಎಂದು ಅರ್ಥವಂತೆ, ಹೇಳುವ ಧಾಟಿ ಮಾತ್ರ ಬೈಗುಳದ್ದು.

"ಸಮುದ್ರ ಎಲ್ಲೈತ್ರಿ?" ಎಂದು ಕೇಳಿದೆ. "ಇದು ಹೊಳಿ. ಸಮುದ್ರ ಆ ಕಡಿ ದೂರ ಐತಿ" ಅಂದರು. ಮತ್ತೆ ಆ ಫೋಟೋ? ಕಾಣಕೋಣದಲ್ಲಿ ಒಂದು ಹೋಟೆಲಿನ ನೀರಿನ ಟಾಕಿ ಕಟ್ಟಲು ಹೋದಾಗ ತೆಗೆಸಿಕೊಂಡದ್ದಂತೆ. ಚಸ್ಮಾ ಮೇಸ್ತ್ರಿಯದಂತೆ. ಹನ್ನೊಂದು ವರ್ಷದಲ್ಲಿ ಇವರು ಸಮುದ್ರ ನೋಡಿದ್ದು ಮೂರು ಸಲ. ಖಾತುನ, ನನಗೆ ನಗು ತಡೆಯಲಾಗಲಿಲ್ಲ. ಇಂಥ ಗೋವಾಕ್ಕಾಗಿ ನಾನು ಎಷ್ಟು ಹೊಟ್ಟೆ ಸುಟ್ಟುಕೊಂಡೆ! ಇವರು ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದರು. ಅಷ್ಟು ನಗಬಾರದಿತ್ತೇನೋ.

ಊಟ ಪಕ್ಕದ ಖೋಲಿಯ ಮೀನಾ ಎಂಬವಳ ಮನೆಯಲ್ಲಿ. ಅವಳ ವಿಷಯ ಈಗ ಬರೆಯಲು ಮನಸ್ಸಿಲ್ಲ.

ಪರ್ವೇಜನಿಗೆ, ಫರ್ಹೀನಳಿಗೆ ಆಶೀರ್ವಾದ.

ನಿನ್ನ
ಮಂಗಲಾ

ಕೊರ್ತಾಲಿಮ್
18-11-2024, ಸೋಮವಾರ

ಪ್ರೀತಿಯ ಖಾತುನ,

ನೀನು ಕಳಿಸಿದ ಚೀಟಿಯೂ ಕರದಂಟೂ ಮುಟ್ಟಿದವು. "ಮೀನಾ ಅಂದ್ರ ಯಾರು, ಮದ್ಲ ಅದನ್ನ ಬರಿ" ಎಂದು ಎರಡು ಸಲ ಗೆರೆ ಎಳೆದು ಬರೆದಿದ್ದೀಯ. ನೀನೂ ನನ್ನಂತೆಯೇ, ನನ್ನ ಗೆಳತಿಯಲ್ಲವೇ.

ಮೊದಲೇ ಹೇಳಿಬಿಡುತ್ತೇನೆ, ನೀನು ಅಂದುಕೊಂಡದ್ದು ಅಲ್ಲ. ಮೀನಾಳಿಗೆ ಗಂಡ ಇದ್ದಾನೆ. ಮಾನಪ್ಪ ಎಂದು ಹೆಸರು, ಬಂದರಿನಲ್ಲಿ ಹಮಾಲಿ. ಮಾತಿಗೆ ಮೊದಲು ನಗುವ ಮನುಷ್ಯ. ಎಂಟು ವರ್ಷದ ಮಗಳೊಬ್ಬಳಿದ್ದಾಳೆ. ಮೀನಾ ಓಣಿಯ ಹದಿನಾಲ್ಕು ಜನಕ್ಕೆ ರೊಟ್ಟಿ ಮಾಡಿ ಹಾಕುತ್ತಾಳೆ. ನಮ್ಮವರು ಅಲ್ಲಿ ಉಣ್ಣತೊಡಗಿ ಒಂಬತ್ತು ವರ್ಷ. ಇವರನ್ನು "ಲಚ್ಚಪ್ಪಣ್ಣಾ" ಅನ್ನುತ್ತಾಳೆ, ನನ್ನನ್ನು "ವೈನಿ". ರೂಪವತಿಯೂ ಅಲ್ಲ. ಗಿಡ್ಡಗೆ, ಕಪ್ಪಗೆ, ಮುಂದಿನ ಹಲ್ಲು ಅರ್ಧ ಮುರಿದಿದೆ. ಚೆಲುವೆಯಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತಿತ್ತು.

ಜಗಳ ತೆಗೆಯೋಣವೆಂದರೆ ಒಂದೂ ಕೊಂಡಿ ಸಿಗುತ್ತಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಇವರ ಪೆಟ್ಟಿಗೆ ಹುಡುಕಿದೆ, ದಿಂಬಿನ ಕೆಳಗೆ ನೋಡಿದೆ, ಅಂಗಿಯ ಕಿಸೆ ತಿರುವಿದೆ. ಒಂದು ಎಣ್ಣೆಯ ಬಾಟಲಿ ಸಿಕ್ಕಿತು. ಇದೇನು ಎಂದುಕೊಳ್ಳುವಷ್ಟರಲ್ಲಿ ಬಾಗಿಲಿಗೆ ಬಂದ ಮೀನಾಳೇ ಉತ್ತರ ಕೊಟ್ಟಳು. "ಅಣ್ಣಂದು ಎಡಗಾಲ ಮೊಣಕಾಲು ನೋಸತೈತ್ರಿ ವೈನಿ. ಛಳಿ ಬಿದ್ರ ಭಾಳ. ಹಚ್ಕೋರಿ ಅಂತ ನಾನ ಬಾಯಿ ಮಾಡಬೇಕು. ನಿಮ್ಮ ಮುಂದ ಹೇಳಿರಬೇಕಲ್ರಿ?" ನಾನು ಹೂಂ ಎಂದೆ. ನನಗೆ ಗೊತ್ತಿರಲಿಲ್ಲ ಖಾತುನ. ಮೊಣಕಾಲು ಗಂಡನದು, ನೋವಿನ ಸುದ್ದಿ ಅವಳದು. ಒಂದು ಎಣ್ಣೆ ಬಾಟಲಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸನ್ನು ನೀನು ಎಲ್ಲಾದರೂ ನೋಡಿದ್ದೀಯಾ?

ಅಷ್ಟೇ ಅಲ್ಲ. ಊರಲ್ಲಿ ಇವರು ಹೇಗಿರುತ್ತಾರೆ ನೀನು ಕಂಡಿದ್ದೀಯ. ವರ್ಷಕ್ಕೊಮ್ಮೆ ಪಂಚಮಿಗೆ ಬಂದು ಎಂಟು ದಿನ ಹೊರಸಿನ ಮೇಲೆ ಕೂತು, ಕೇಳಿದ್ದಕ್ಕೆ ಹೂಂ ಹಾಂ ಎಂದು ಹೋಗುವವರು. ಇಲ್ಲಿ ಬಾಯಿ ತುಂಬ ಮಾತು! ಮೀನು ಮಾರುವವಳ ಜೊತೆ ಕೊಂಕಣಿಯಲ್ಲಿ ಚೌಕಾಶಿ, ಮಾನಪ್ಪನ ಜೊತೆ ಚೇಷ್ಟೆ, ನಳದ ಪಾಳಿಗೆ ಜಗಳವಾದರೆ ಇವರದೇ ಪಂಚಾಯ್ತಿ. ಊರಲ್ಲಿ ಮೊಟ್ಟೆ ಕಂಡರೆ ಮೂಗು ಮುಚ್ಚುತ್ತಿದ್ದವರು ಇಲ್ಲಿ ಬಾಂಗಡೆಯ ಮುಳ್ಳು ಬಿಡಿಸಿ ಆ ಹುಡುಗಿಯ ತಾಟಿಗೆ ಹಾಕುತ್ತಾರೆ. ನಮಗೆ ಮಕ್ಕಳಿಲ್ಲ ಎಂದು ನಿನಗೆ ಹೊಸದಾಗಿ ಹೇಳಬೇಕಿಲ್ಲ. ನಾನು ಆ ಬೆರಳುಗಳನ್ನೇ ನೋಡುತ್ತ ಕೂತಿದ್ದೆ. ನನ್ನ ತಾಟಿನ ಬೇಳೆ ಆರಿಹೋಯಿತು.

ಬುಧವಾರ ನಾನು ಹಟಕ್ಕೆ ಬಿದ್ದು ಚೀಲದಿಂದ ಹಂಚು ತೆಗೆದೆ. ಇವರ ಖೋಲಿಯಲ್ಲೇ ಬಿಸಿ ರೊಟ್ಟಿ ತಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ಕಾಯುತ್ತ ಕೂತೆ. ಇವರು ಕೆಲಸದಿಂದ ಬಂದವರು ರೂಢಿಯಂತೆ ನೇರ ಮೀನಾಳ ಬಾಗಿಲಿಗೆ ಹೋಗಿ ಉಂಡು ಬಂದರು. ಒಳಗೆ ಬಂದು ನೋಡಿದರೆ ನಾನು ಎರಡು ತಾಟು ಇಟ್ಟು ಕೂತಿದ್ದೇನೆ. ಇವರೂ ಬಂದು ತಾಟಿನ ಮುಂದೆ ಕೂತರು. ಎರಡು ರೊಟ್ಟಿ ಉಂಡರು, ಕೈ ತೊಳೆದು, "ಅಡಗಿ ಭಾಳ ಚಲೋ ಆಗಿತ್ತು" ಅಂದರು. ಮನೆಯ ಗಂಡಸು ಎಂದಾದರೂ ಹಾಗೆ ಹೇಳಿ ಏಳುತ್ತಾನೆಯೇ? ಉಪ್ಪು ಹೆಚ್ಚಾಗೈತಿ ಅಂತಾನೆ, ಇನ್ನೊಂದು ಹಾಕು ಅಂತಾನೆ. ಬೀಗರ ಮನೆಗೆ ಹೋದವರು ಹೇಳುವ ಮಾತು ಅದು. ಅಂದು ಹಂಚನ್ನು ತೊಳೆದು ಮತ್ತೆ ಚೀಲಕ್ಕೆ ಹಾಕಿದೆ.

ನಿನ್ನೆ ಸಮುದ್ರಕ್ಕೆ ಹೋಗಿದ್ದೆವು. ನಾನೇ ಹಟ ಹಿಡಿದೆ. ಇವರು, ನಾನು, ಮೀನಾ, ಮಾನಪ್ಪ, ಹುಡುಗಿ, ಎಲ್ಲರೂ ಬಸ್ಸಿನಲ್ಲಿ. ಸಮುದ್ರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಐದು ನಿಮಿಷ ನೋಡಿದ ಮೇಲೆ ಇನ್ನೇನು ನೋಡಬೇಕೋ ನನಗೆ ತಿಳಿಯಲಿಲ್ಲ. ಕಾಲ ಕೆಳಗೆ ಕಾದ ಉಸುಕು, ಬಿಯರ್ ಬಾಟಲಿಯ ಚೂರು, ಜೋಳದ ತೆನೆ ತಿಂದು ಎಸೆದ ದಂಟು. ನಾಯಿಗಳು. ಫಾರಿನ್ ಹೆಂಗಸು ಎಲ್ಲಿ ಎಂದು ನನ್ನ ಕಣ್ಣು ಹುಡುಕುತ್ತಿದ್ದವು. ಸಿಕ್ಕಳು, ಒಬ್ಬಳೇ ಒಬ್ಬಳು. ಎಪ್ಪತ್ತು ದಾಟಿರಬೇಕು. ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು, ಕಾಲಿಗೆ ಬ್ಯಾಂಡೇಜು ಸುತ್ತಿತ್ತು, ಒಂದು ಪುಸ್ತಕ ಓದುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ನಾನೂ ನಕ್ಕೆ. ಹನ್ನೊಂದು ವರ್ಷ ನಾನು ಜಗಳ ಆಡಿದ್ದು ಈ ಮುದುಕಿಯ ಜೊತೆ ನೋಡು!

ಆಮೇಲೆ ತಿರುಗಿ ನೋಡಿದರೆ ಇವರು ಪ್ಯಾಂಟು ಮಡಚಿ ಆ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗೆ ಇಳಿದಿದ್ದರು. ತೆರೆ ಬಂದಾಗೆಲ್ಲ ಅವಳು "ಮಾಮಾ, ಮಾಮಾ" ಎಂದು ಕಿರುಚುತ್ತಿದ್ದಳು. ಇವರು ನಗುತ್ತಿದ್ದರು. ಆ ನಗು ನಾನು ಮದುವೆಯಾದ ಹೊಸದರಲ್ಲಿ ಕೇಳಿದ್ದು. ಮೀನಾ, ಮಾನಪ್ಪ ಕೂಡ ನೀರಲ್ಲಿ. ದಂಡೆಯ ಮೇಲೆ ನಾನು, ನನ್ನ ಮುಂದೆ ನನ್ನದೂ ಸೇರಿ ಐದು ಜೊತೆ ಚಪ್ಪಲಿ. ಎಲ್ಲರ ಚಪ್ಪಲಿ ಕಾಯುವುದು ನನ್ನ ಪಾಲಿಗೆ ಬಂದ ಗೋವಾ. "ವೈನಿ, ಬರ್ರೆಲಾ!" ಎಂದು ಮೀನಾ ಕೈ ಬೀಸಿ ಕರೆದಳು. ಅವಳು ಕರೆದಳು ಎಂದೇ ನಾನು ಹೋಗಲಿಲ್ಲ.

ನನ್ನನ್ನು ಬೈಯಬೇಡ. ನನಗೆ ಹೊಟ್ಟೆಕಿಚ್ಚು, ಇದ್ದದ್ದು ಇದ್ದಂತೆ ಹೇಳುತ್ತೇನೆ. ಈ ತಗಡಿನ ಮೇಲೆ, ಈ ಓಣಿಯ ಮೇಲೆ, ಮುರಿದ ಹಲ್ಲಿನವಳ ಮೇಲೆ. ಇಂದು ನಾಳೆ ನಾನು ಇವರ ಮುಂದೆ ಬಾಯಿ ಬಿಡಬೇಕು, ಇಲ್ಲೇ ಇರುತ್ತೇನೆ ಎಂದು. ಬೇಡ ಅಂದುಬಿಟ್ಟರೆ? ಆ ಹೆದರಿಕೆಗೇ ಬಾಯಿ ಕಟ್ಟಿದೆ.

ಮಕ್ಕಳಿಗೆ ಆಶೀರ್ವಾದ. ಕರದಂಟು ಯಾರಿಗೂ ಕೊಡದೆ ಒಬ್ಬಳೇ ತಿಂದೆ.

ನಿನ್ನ
ಮಂಗಲಾ

ಕೊರ್ತಾಲಿಮ್
1-12-2024, ರವಿವಾರ

ಪ್ರೀತಿಯ ಖಾತುನ,

ಎರಡು ವಾರ ಕಾಗದವಿಲ್ಲ ಎಂದು ಮುನಿಸಿಕೊಂಡಿದ್ದೀಯ ಎಂದು ಶಹಾಬುದ್ದೀನಣ್ಣ ಹೇಳಿದ. ತಪ್ಪು ನನ್ನದೇ. ಎರಡು ಸಲ ಬರೆಯಲು ಕೂತು ಹಾಳೆ ಹರಿದು ಹಾಕಿದೆ. ಈಗ ಪರವಾಗಿಲ್ಲ. ವಿಳಾಸ ಅದೇ ಓಣಿ, ಖೋಲಿ ಮಾತ್ರ ಬೇರೆ. ಗಾಬರಿಯಾಗಬೇಡ, ಪೂರ್ತಿ ಓದು.

ಹೋದ ಗುರುವಾರದ ಹಿಂದಿನ ಗುರುವಾರ, ಅಂದರೆ 21ನೇ ತಾರೀಖು, ಇವರು ಕೆಲಸದಿಂದ ಬಂದು ಕಾಲು ತೊಳೆಯುತ್ತ, "ಶನಿವಾರದ ಗಾಡಿಗೆ ನಿನ್ನ ಟಿಕೀಟು ತಗಸೇನಿ. ಮನಿ ಭಾಳ ದಿನ ಖಾಲಿ ಬಿಡಬಾರದು" ಅಂದರು. ನನ್ನ ಮುಖ ನೋಡಲಿಲ್ಲ. ಆಗ ಹೇಳಬೇಕಿತ್ತು. ಹೇಳಲಿಲ್ಲ. ಗಂಡನ ಹತ್ತಿರ ಇರಲು ಕೈಯೊಡ್ಡಿ ಕೇಳಬೇಕೇ ಎಂಬ ಸೊಕ್ಕು ಒಂದು ಕಡೆ, ಕೇಳಿಸಿಕೊಂಡು ಸುಮ್ಮನಾದರೆ ಎಂಬ ಹೆದರಿಕೆ ಇನ್ನೊಂದು ಕಡೆ.

ಮರುದಿನ ಶುಕ್ರವಾರ. ಇಳಿಹೊತ್ತಿಗೆ ಇವರು ಬೇಗನೆ ಬಂದಿದ್ದರು. ಮೀನಾ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಂದಳು. ಹಿಂದೆ ಹುಡುಗಿ, ಅವಳ ಕೈಯಲ್ಲಿ ದೊಡ್ಡ ತಾಟು. ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಸಿನ ಕೊಂಬು, ಅಡಿಕೆ, ಎಲೆ, ಬಾಳೆಹಣ್ಣು, ಒಂದು ಕುಪ್ಪಸದ ಖಣ. ನನಗೆ ನೋಡಿದ ಕೂಡಲೇ ತಿಳಿಯಿತು, ಉಡಿ ತುಂಬಲು ಬಂದಿದ್ದಾಳೆ.

ನಿನ್ನ ನಿಕಾಹ್ ಆಗಿ ನೀನು ಹೊರಟಾಗ ನಮ್ಮವ್ವ ನಿನಗೂ ಉಡಿ ತುಂಬಿದ್ದಳು, ನೆನಪಿದೆಯೇ? ನಿಮ್ಮ ಅಮ್ಮೀಜಾನ್ ಬೇಡ ಎನ್ನಲಿಲ್ಲ, ಕಣ್ಣೊರೆಸಿಕೊಂಡಳು. ಮಗಳು ಹೊರಟರೆ ತವರಿನವರು ತುಂಬುತ್ತಾರೆ. ಬಂದ ಮುತ್ತೈದೆ ಹೊರಟರೆ ಆ ಮನೆಯಾಕೆ ತುಂಬುತ್ತಾಳೆ. ತನ್ನ ಗಂಡನ ಮನೆಯಲ್ಲಿ ತಾನೇ ಉಡಿ ತುಂಬಿಸಿಕೊಂಡು ಹೊರಡುವ ಹೆಂಡತಿಯನ್ನು ನಾನು ಎಲ್ಲೂ ಕಂಡಿಲ್ಲ, ಕೇಳಿಲ್ಲ.

ಮೀನಾ ಒಳಗೆ ಬಂದಳು. ಮಣೆ ಎಲ್ಲಿದೆ ಎಂದು ನನ್ನನ್ನು ಕೇಳಲಿಲ್ಲ. ಹಾಸಿಗೆಯ ಹಿಂದಿನಿಂದ ತಾನೇ ತೆಗೆದು ಹಾಕಿದಳು. ದೀಪ ತಾನೇ ಹಚ್ಚಿದಳು. "ಕುಂಡ್ರಿ ವೈನಿ, ಮೂಡಣ ಮಕಾ ಮಾಡ್ರಿ" ಅಂದಳು. ನಾನು ಕೂತೆ. ಕುಂಕುಮ ಹಚ್ಚಿ ಐದು ಬೊಗಸೆ ಅಕ್ಕಿ ನನ್ನ ಸೆರಗಿಗೆ ಸುರಿದಳು. ಒಂದೊಂದು ಬೊಗಸೆಗೂ ನನ್ನ ಮಡಿಲು ಭಾರವಾಗುತ್ತಿತ್ತು. ಕೊನೆಗೆ ಕಾಯಿ ಇಟ್ಟು ಗಲ್ಲ ಸವರಿ, "ಮುಂದಿನ ವರ್ಸ ಮತ್ತ ಬರ್ರಿ ವೈನಿ. ಬಂದು ಎಂಟು ದಿನ ಹೆಚ್ಚಿಗಿ ಇದ್ದು ಹೋಗ್ರಿ. ಅಣ್ಣಂದು ಕಾಳಜಿ ಮಾಡಬ್ಯಾಡ್ರಿ, ನಾ ಅದೇನಿ" ಎಂದಳು. ಅವಳ ಕಣ್ಣಲ್ಲಿ ನೀರು. ಸುಳ್ಳು ನೀರಲ್ಲ ಖಾತುನ, ಖರೇ ಪ್ರೀತಿಯ ನೀರು. ಅದೇ ನನ್ನನ್ನು ಕೊಂದದ್ದು. ತಾಟು ತಳ್ಳಿಬಿಡೋಣ ಎನ್ನಿಸಿತು. ಆದರೆ ಉಡಿ ತುಂಬುವಾಗ ಬೇಡ ಎನ್ನುವುದು ಕುಂಕುಮಕ್ಕೆ ಬೇಡ ಎಂದ ಹಾಗೆ. ಮಡಿಲೊಡ್ಡಿ ಕೂತೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಸೆರಗು ಗಂಟು ಕಟ್ಟಿಕೊಂಡು ಎದ್ದೆ. ಗೋಣಿಚೀಲ ಕೈಗೆ ತೆಗೆದುಕೊಂಡೆ.

"ಗಾಡಿ ನಾಳೆ ಐತಲ್ಲ?" ಅಂದರು ಇವರು.

"ಉಡಿ ತುಂಬಿಸಿಕೊಂಡಾಕಿ ಅದ ಮನ್ಯಾಗ ಉಳೀಬಾರದು ಅಂತ ನಮ್ಮವ್ವ ಹೇಳ್ತಿದ್ಲು."

"ಮತ್ತ ಎಲ್ಲಿಗಿ ಹೊಂಟಿ?"

ಎಲ್ಲಿಗೆ ಎಂದು ನನಗೂ ಗೊತ್ತಿರಲಿಲ್ಲ. ಹೊಸ್ತಿಲು ದಾಟಿದೆ. ಆರು ಖೋಲಿ ಆಚೆ ಬಾಳಮ್ಮ ಎಂಬ ಮುದುಕಿ ಇದ್ದಾಳೆ, ಮುದ್ದೇಬಿಹಾಳ ಕಡೆಯವಳು, ಒಬ್ಬಳೇ. ನಳದ ಹತ್ತಿರ ನನ್ನ ಕೊಡ ಎತ್ತಿಕೊಟ್ಟು ಪರಿಚಯವಾದವಳು. ಅವಳ ಬಾಗಿಲು ತೆರೆದಿತ್ತು. ಮುದುಕಿ ನನ್ನ ತುಂಬಿದ ಉಡಿ ನೋಡಿ, "ಯವ್ವಾ, ಊರಿಗಿ ಹೊಂಟ್ಯಾ?" ಅಂದಳು. "ಇಲ್ಲಬೇ ಆಯಿ, ನಿನ್ನ ಮನಿಗಿ ಬಂದೇನಿ. ಒಂದ ಮೊರ ಕೊಡು" ಎಂದೆ. ಅವಳು ಮೊರ ತಂದು ಮುಂದಿಟ್ಟಳು. ಉಡಿಯ ಅಕ್ಕಿ ಅದರಲ್ಲಿ ಸುರಿದೆ. ಅದನ್ನೇ ಅನ್ನ ಮಾಡಿ ಇಬ್ಬರೂ ಉಂಡೆವು. ಹಂಚನ್ನು ಅವಳ ಗೋಡೆಯ ಮೊಳೆಗೆ ನೇತು ಹಾಕಿದೆ. ಶನಿವಾರದ ಗಾಡಿ ನನ್ನನ್ನು ಬಿಟ್ಟೇ ಹೋಯಿತು.

ಈಗ ನಾನು ಬಾಳಮ್ಮನ ಜೊತೆ ಕೆಲಸಕ್ಕೂ ಹೋಗುತ್ತೇನೆ. ಹೋಟೆಲುಗಳ ಚಾದರ, ಟವೆಲ್ ಒಗೆಯುವ ಲಾಂಡ್ರಿ. ದೊಡ್ಡ ಮಶೀನುಗಳಿವೆ, ಆದರೂ ಕಲೆ ನಾವೇ ಕೈಯಿಂದ ತಿಕ್ಕಬೇಕು. ಎಣ್ಣೆಯ ಕಲೆ, ವೈನಿನ ಕಲೆ, ವಾಂತಿ, ಉಸುಕು. ಗೋವಾ ನೋಡಲು ಬಂದವರು ಬಿಟ್ಟು ಹೋದ ಗೋವಾ ಮರುದಿನ ನಮ್ಮ ಕೈಗೆ ಬರುತ್ತದೆ. ಊರ ನಳದ ಹತ್ತಿರದ ಹೆಂಗಸರಿಗೆ ಒಂದು ಗಂಟು ಕಳಿಸಬೇಕು, ಮೂಸಿ ನೋಡಲಿ.

ಇವರ ವಿಷಯ. ಮೊದಲೆರಡು ದಿನ ಬರಲಿಲ್ಲ. ಮೂರನೇ ದಿನ ಸಂಜೆ ಬಂದು ಬಾಳಮ್ಮನ ಕಟ್ಟೆಯ ಮೇಲೆ ಕೂತರು.

"ನಾಲ್ಕ ಮಂದ್ಯಾಗ ನನ್ನ ಮರ್ಯಾದಿ ತಗದಿ. ಇರಾಕ ಬಂದೇನಿ ಅಂತ ಒಂದ ಮಾತು ಹೇಳಬೇಕಿಲ್ಲೇನು?"

"ಇರತೀಯೇನು ಅಂತ ನೀವು ಒಂದ ಮಾತು ಕೇಳಬೇಕಿಲ್ಲೇನ್ರಿ?"

ಇವರು ನೆಲ ನೋಡುತ್ತ ಹೇಳಿದರು. "ಬಂದ ದಿನಾನ ನೀ ಹೊಟ್ಟಿ ಹಿಡಕೊಂಡು ನಕ್ಕಿ. ಹನ್ನೊಂದ ವರ್ಸ ದುಡದು ಒಂದು ತಗಡಿನ ಖೋಲಿ ಮಾಡ್ಯಾನ ಅಂತ ನಕ್ಕಿ. ಇದನ್ನ ನಿನಗ ತೋರಸಬಾರದು ಅಂತ ಇಷ್ಟ ವರ್ಸ ಕರೀಲಿಲ್ಲ. ಮೀನಾನ ಮುಂದ ನನಗ ನಾಚಿಕಿ ಇಲ್ಲ. ಆಕೀದೂ ತಗಡ."

ನಾನು ನಕ್ಕದ್ದು ಖುಷಿಗೆ, ಆ ಬಿಳೀ ಹೆಂಗಸಿಗೆ ನಾನು ಸೋತಿಲ್ಲ ಎಂಬ ಖುಷಿಗೆ. ಇವರಿಗೆ ಅದು ಹೇಗೆ ಗೊತ್ತಾಗಬೇಕು? ನಕ್ಕದ್ದು ತಪ್ಪಾಯಿತು ಎಂದೆ. ಇವರು ತಲೆ ಅಲ್ಲಾಡಿಸಿದರು. ಮೀನಾಳೂ ಬಂದಿದ್ದಳು, "ನನಗ ತಿಳೀಲಿಲ್ರಿ ವೈನಿ, ನೀವು ಹೋಗಾಕತ್ತೀರಿ ಅಂತ ಅಣ್ಣಾ ಹೇಳಿದ್ರು" ಎಂದು ಗೊಳೋ ಎಂದು ಅತ್ತಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬಂತು. ಅವಳ ಮೇಲಿನ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳುತ್ತೀಯ. ಇಲ್ಲ. ಸ್ವಲ್ಪ ಕಡಿಮೆಯಾಗಿದೆ, ಅಷ್ಟೇ. ಅವಳ ರೊಟ್ಟಿ ನನ್ನ ರೊಟ್ಟಿಗಿಂತ ತೆಳ್ಳಗೆ ಬರುತ್ತದೆ, ಅದನ್ನೂ ಮರೆತಿಲ್ಲ.

ಈಗ ದಿನಾ ಸಂಜೆ ಇವರು ಬಾಳಮ್ಮನ ಕಟ್ಟೆಗೆ ಬರುತ್ತಾರೆ. ಮೀನಾಳ ಮನೆಯಲ್ಲಿ ಒಂದು ರೊಟ್ಟಿ ಕಡಿಮೆ ಉಂಡು ಬಂದು ಆ ಒಂದನ್ನು ಇಲ್ಲಿ ಉಣ್ಣುತ್ತಾರೆ. ಮೊನ್ನೆ ಉಪ್ಪು ಕಡಿಮೆ ಐತಿ ಅಂದರು. ಮೊಣಕಾಲಿಗೆ ನಾನೇ ಎಣ್ಣೆ ಹಚ್ಚಿದೆ. ಏಳುವಾಗ, "ಇನ್ನ ಸಾಕು, ಮನಿಗಿ ಬಾ" ಅನ್ನುತ್ತಾರೆ. ನಾನು ನೋಡೋಣ ಅನ್ನುತ್ತೇನೆ. ಬಾಳಮ್ಮ ನನ್ನನ್ನು ಬೈಯುತ್ತಾಳೆ, "ಗಂಡ ಬಂದು ಕರ್ಯಾಕತ್ತಾನ, ಇನ್ನ ಏನ ಬೇಕ ನಿನಗ?" ಎಂದು. ಏನು ಬೇಕು ಎಂದು ಅವಳಿಗೆ ಹೇಳಿಲ್ಲ.

ಫರ್ಹೀನಳ ಪರೀಕ್ಷೆ ಚೆನ್ನಾಗಿ ಆಗಲಿ. ಪರ್ವೇಜನಿಗೆ ಫೋನು ಬಿಟ್ಟು ಪುಸ್ತಕ ಹಿಡಿಯುವ ಬುದ್ಧಿ ಬರಲಿ. ನಿನ್ನ ಮನೆ ತಣ್ಣಗಿರಲಿ, ನಿನ್ನ ಗಂಡನ ಲಾರಿ ಯಾವ ಘಟ್ಟದಲ್ಲೂ ನಿಲ್ಲದಿರಲಿ.

ನಿನ್ನ
ಮಂಗಲಾ

ತಾ.ಕ.: ಮೀನಾಳ ಮಗಳ ಹೆಸರೇನು ಎಂದು ನೀನು ಎರಡನೇ ಚೀಟಿಯಲ್ಲಿ ಕೇಳಿದ್ದೆ. ಓಣಿಯಲ್ಲಿ ಎಲ್ಲರೂ ಅವಳನ್ನು ಚಿನ್ನಿ ಅನ್ನುತ್ತಾರೆ, ನಮ್ಮವರೂ ನನ್ನೆದುರು ಹಾಗೇ ಕರೆಯುತ್ತಾರೆ. ನಾನು ಬಂದ ಮೂರನೇ ದಿನ ಅವಳು ತನ್ನ ಕನ್ನಡ ಶಾಲೆಯ ನೋಟ್‌ಬುಕ್ಕು ತಂದು, "ಅತ್ತಿ, ನನ್ನ ಖರೇ ಹೆಸರು ಓದ್ರಿ" ಎಂದಳು. ಮಲಪ್ರಭಾ ಎಂದು ಬರೆದಿತ್ತು. ಯಾರು ಇಟ್ಟದ್ದು ಎಂದು ಕೇಳಿದೆ. "ಲಚ್ಚಪ್ಪ ಮಾಮಾ. ತೊಟ್ಟಿಲದಾಗ ನನ್ನ ಕಿವ್ಯಾಗ ಅವರ ಹೇಳಿದ್ದಂತ."

ಹತ್ತು ವರ್ಷದ ಹಿಂದೆ ಏಳು ತಿಂಗಳಿಗೇ ಬಂದು ಹೋದದ್ದು ಹೆಣ್ಣು ಎಂದು ನಿನಗೆ ಗೊತ್ತು. ಮೂರು ದಿನ ನೀನು ನನ್ನ ಪಕ್ಕ ಕೂತಿದ್ದೆ. ಉಸಿರಾಡದ ಕೂಸಿಗೆ ಹೆಸರಿಡುವ ಪದ್ಧತಿ ಇಲ್ಲ ಎಂದು ಹಿರಿಯರು ಹಾಗೇ ಹೊಳೆದಂಡೆಗೆ ಒಯ್ದರು. ಹೆಸರು ಮಾತ್ರ ಇವರೂ ನಾನೂ ಮೊದಲೇ ಹುಡುಕಿ ಇಟ್ಟುಕೊಂಡಿದ್ದೆವು. ಇವರಿಗೆ, ನನಗೆ, ನಿನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಹೆಸರು. ನಾನು ಅದನ್ನು ಹತ್ತು ವರ್ಷ ಬಾಯಲ್ಲಿ ತರದೆ ಇಟ್ಟುಕೊಂಡೆ. ಇವರು ಎರಡೇ ವರ್ಷಕ್ಕೆ ಇನ್ನೊಬ್ಬರ ತೊಟ್ಟಿಲಿಗೆ ಕೊಟ್ಟರು. ಆ ಮಾತು ಇವರೇ ತೆಗೆದು ನನ್ನೆದುರು ಹೇಳುವವರೆಗೂ ನಾನು ಆ ಖೋಲಿಗೆ ಹೋಗುವುದಿಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಎಂಟು ವರ್ಷದ ಒಂದು ಹುಡುಗಿಯ ಮೇಲೆ ಖಾತುನ, ದೇವರು ನನ್ನನ್ನು ಕ್ಷಮಿಸಲಿ.

ಇವತ್ತು ಬೆಳಿಗ್ಗೆ ಓಣಿಯಲ್ಲಿ ಯಾರೂ ಇರಲಿಲ್ಲ. ಆ ಹೆಸರು ಹಿಡಿದು ಒಂದು ಸಲ ಗಟ್ಟಿಯಾಗಿ ಕರೆದೆ. "ಬಂದೆ ಅತ್ತಿ" ಎಂದು ಓಡಿ ಬಂದಳು. ಮುಂದೆ ಕೂರಿಸಿಕೊಂಡು ತಲೆ ಬಾಚಿ, ಎರಡು ಜಡೆ ಹಾಕಿ ಕಳಿಸಿದೆ.